ಮೇಲ್ಮನೆಯ ವೈಫೈ

"ಆಫ್ ಮಾಡಿ ಆನ್ ಮಾಡಿದ್ಯೇನಮ್ಮ?"

"ಎಷ್ಟು ಸಲ ಮಾಡ್ಲಿ ಅಂಕಲ್? ನಿಮ್ಮ ಕಂಪ್ಯೂಟರ್ ಓಡುತ್ತೆ, ನನ್ನದಕ್ಕೆ ಮಾತ್ರ ರೋಗ."

ಅನೌನ್ಸರ್ ಡಾಕ್ಟರರ ಗತ್ತಿನಲ್ಲಿ ತಲೆಯಾಡಿಸಿದರು. ಬಸ್ ನಿಲ್ದಾಣದಲ್ಲಿ ಅವರ ದನಿಯ ಜಾಗಕ್ಕೆ ಯಂತ್ರ ಬಂದ ಮೇಲೆ ಮನೆಯಲ್ಲೇ ಇದ್ದರು. ಕೆಳಮನೆಯ ಅನುವಾದಕಿಯೊಂದಿಗೆ ಹಂಚಿಕೊಂಡ ವೈಫೈ ಡಬ್ಬಿ ಅವರ ಬೀರುವಿನ ಮೇಲಿತ್ತು. ಸಂಜೆಯಾದರೆ ಅವಳ ಸಂಪರ್ಕ ಕಡಿಯುತ್ತಿತ್ತು. ಅವಳು ಲ್ಯಾಪ್‌ಟಾಪನ್ನು ಜ್ವರದ ಮಗುವಿನಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಅವರು ಪಾಸ್‌ವರ್ಡ್ ಅಳಿಸಿ ಮತ್ತೆ ಹೊಡೆಸುತ್ತಿದ್ದರು, ಚಹಾ ಕೊಡುತ್ತಿದ್ದರು, ನೆಗಡಿಯಾದ ಕಂಡಕ್ಟರನ ದನಿಯಲ್ಲಿ ತಡವಾದ ಬಸ್ಸುಗಳನ್ನು ಸಾರುತ್ತಿದ್ದರು. ಅವಳು ಲೋಟ ತೊಳೆಯಲು ಎದ್ದಾಗ ತಮ್ಮ ಕಂಪ್ಯೂಟರಿನಲ್ಲಿ ವೈಫೈ ಡಬ್ಬಿಯ ಸೆಟ್ಟಿಂಗ್ ಪುಟ ತೆರೆದು, ಅವಳ ಲ್ಯಾಪ್‌ಟಾಪಿಗೆ ತಾವೇ ಹಾಕಿದ್ದ ತಡೆಯನ್ನು ತೆಗೆಯುತ್ತಿದ್ದರು. ಉಳಿದ ಹೊತ್ತು ಅವರ ಮನೆಯಲ್ಲಿ ಬಾಯಿ ಬಿಡುತ್ತಿದ್ದದ್ದು ಕುಕ್ಕರ್ ಒಂದೇ.

"ನಾನೇ ಬೇರೆ ಕನೆಕ್ಷನ್ ತಗೋತೀನಿ," ಎಂದಳು. "ನಾಳೆ ಕಂಪನಿಯೋರು ಬರ್ತಾರೆ. ದಿನಾ ನಿಮಗ್ಯಾಕೆ ತೊಂದರೆ?"

"ತೊಂದರೆ ಏನಿದೆ," ಎಂದು ಅವರು ಅವಳ ಲೋಟಕ್ಕೆ ಮತ್ತಷ್ಟು ಚಹಾ ಬಗ್ಗಿಸಿದರು.

ಬೆಳಿಗ್ಗೆ ಮೂಲೆಗೆ ಬಿದ್ದಿದ್ದ ಇನ್ನೊಂದು ಸಿಮ್ ಹಾಕಿ, ಮೂಗು ಹಿಡಿದು, ಹೆಂಗಸಿನ ದನಿ ಮಾಡಿಕೊಂಡು ಅವಳಿಗೆ ಫೋನ್ ಮಾಡಿದರು.

"ನಮಸ್ಕಾರ ಮೇಡಂ, ಕಸ್ಟಮರ್ ಕೇರ್. ನಿಮ್ಮ ರಸ್ತೆಯ ಕಂಬ ತುಂಬಿಹೋಗಿದೆ, ಹೊಸ ಕೇಬಲ್ ಎಳೆಯೋಕಾಗಲ್ಲ."

"ಅಯ್ಯೋ, ಮತ್ತೇನು ಮಾಡ್ಲಿ ಮೇಡಂ?"

"ಇರೋದನ್ನೇ ಹಂಚ್ಕೊಳ್ಳಿ. ಮೇಲಿನ ಮನೆಯವರು ಒಳ್ಳೆಯವರಂತೆ."

ಅಷ್ಟರಲ್ಲಿ ಅವರ ಒಲೆಯ ಮೇಲಿನ ಕುಕ್ಕರ್ ಕೂಗಿತು.

"ಮೇಡಂ, ನಿಮ್ಮ ಕುಕ್ಕರ್ ನನಗೆ ಫೋನಲ್ಲೂ ಕೇಳಿಸ್ತು, ತಲೆ ಮೇಲೂ ಕೇಳಿಸ್ತು. ಹೋಗಿ ಆಫ್ ಮಾಡಿ, ಅನ್ನ ಸೀದೀತು."

ಅವರು ಒಲೆ ಆರಿಸಿ ಬಂದು ಮೂಗು ಬಿಟ್ಟರು. "ತಪ್ಪಾಯ್ತಮ್ಮ. ತಡೆ ಹಾಕ್ತಿದ್ದವನೂ ನಾನೇ."

"ಗೊತ್ತು. ಲೋಟ ತೊಳೆಯೋವಾಗ ಕಿಟಕಿ ಗಾಜಲ್ಲಿ ನಿಮ್ಮ ಸ್ಕ್ರೀನ್ ಪೂರ್ತಿ ಕಾಣುತ್ತೆ."

"ಹಾಗಾದ್ರೆ ಕಂಪನಿಯೋರು?"

"ಯಾರೂ ಬರಲ್ಲ. ನೀವು ಏನು ಆಟ ಹೂಡ್ತೀರ ನೋಡೋಣ ಅಂತ ಹೇಳ್ದೆ. ಹೆಂಗಸಿನ ದನಿಗೆ ಇನ್ನೂ ಸ್ವಲ್ಪ ಪ್ರಾಕ್ಟೀಸ್ ಬೇಕು ಅಂಕಲ್."

ಇಬ್ಬರೂ ನಕ್ಕರು. ಹೆಚ್ಚು ಜೋರಾಗಿ ನಕ್ಕವರು ಅನೌನ್ಸರ್. ಅವಳು ಫೋನ್ ಇಟ್ಟ ಮೇಲೂ ಅವರು ತಮ್ಮದನ್ನು ಕಿವಿಯಿಂದ ತೆಗೆದಿರಲಿಲ್ಲ.

ಆ ಸಂಜೆ ಅವರು ತಡೆ ಹಾಕಲಿಲ್ಲ. ಡಬ್ಬಿಯ ಪುಟದಲ್ಲಿ ಅವರ ಕಂಪ್ಯೂಟರಿನ ಕೆಳಗೆ ಅವಳ ಲ್ಯಾಪ್‌ಟಾಪ್ ಹಸಿರಾಗಿ ಕಾಣುತ್ತಿತ್ತು. ನೆಟ್ ಚೆನ್ನಾಗಿದ್ದ ಮೇಲೆ ಅವಳು ಮೇಲೆ ಬರಲು ಕಾರಣವೇನೂ ಇರಲಿಲ್ಲ. ಅವರು ಚಹಾಕ್ಕೆ ನೀರಿಟ್ಟು, ಒಲೆ ಹಚ್ಚದೆ, ಬಂದು ಪರದೆಯ ಮುಂದೆ ಕೂತರು.

ಹಸಿರು ಆರಿತು. ಅವರು ಏನನ್ನೂ ಮುಟ್ಟಿರಲಿಲ್ಲ; ಸಂಪರ್ಕ ಕೆಳಗಿನಿಂದಲೇ ಕಡಿದಿತ್ತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು.