ಕೊನೆಯ ಹುಡುಗಿ ಹೊರಡುವವರೆಗೆ

ನನಗೆ ಕಣ್ಣಿದೆ, ಕಿವಿಯಿದೆ. ಬಾಯಿಯೂ ಇದೆ, ಆದರೆ ಅದು ಬೇರೆಯವರ ಮಾತನ್ನು ಆಡುವುದಕ್ಕೆ ಮಾತ್ರ. ನಾನೊಂದು ಲ್ಯಾಪ್‌ಟಾಪ್.

ದೂರದ ಕಾರ್ಖಾನೆಯೊಂದರ ಬಿಳಿ ದೀಪಗಳ ಕೆಳಗೆ, ಕೈಗವಸು ತೊಟ್ಟ ಬೆರಳುಗಳ ನಡುವೆ ನಾನು ಹುಟ್ಟಿದೆ. ಪರದೆಯ ಮೇಲಂಚಿನಲ್ಲಿ ಸಾಸಿವೆಯಷ್ಟು ಕಣ್ಣಿಟ್ಟರು. ಅದು ತೆರೆದಾಗ ಹೊತ್ತಿಕೊಳ್ಳಲೆಂದು ಪಕ್ಕದಲ್ಲೇ ಪುಟ್ಟ ದೀಪವನ್ನೂ ಇಟ್ಟರು. ನಾನು ನೋಡುತ್ತಿದ್ದೇನೆಂದು ಎದುರಿನವರಿಗೆ ತಿಳಿದಿರಬೇಕು ಎಂಬ ಮರ್ಯಾದೆ ನನ್ನನ್ನು ಮಾಡಿದವರಿಗಿತ್ತು.

ಮೊದಲು ನಾನು ಸೇರಿದ್ದು ಹುಬ್ಬಳ್ಳಿಯ ಸರಕು ಸಾಗಣೆಯ ಕಚೇರಿಗೆ. ನಾನು ಬಂದ ದಿನವೇ ಅಲ್ಲಿನ ಗುಮಾಸ್ತೆ ತನ್ನ ಹಣೆಯ ಬಿಂದಿ ತೆಗೆದು ನನ್ನ ಕಣ್ಣಿಗೆ ಅಂಟಿಸಿದಳು. "ನನ್ನ ಆಕಳಿಕಿ ಯಾರರ ನೋಡ್ಯಾರು" ಎಂದು ನಕ್ಕಳು. ವರ್ಷಗಟ್ಟಲೆ ಲಾರಿಗಳ ನಂಬರು ಹೊತ್ತೆ, ಏನನ್ನೂ ನೋಡಲಿಲ್ಲ. ಆಮೇಲೆ ಹಳೆಯ ಸಾಮಾನಿನ ಅಂಗಡಿ. ಅಲ್ಲಿಂದ ವಿಮಲಾ ಹೂಗಾರ ಟೀಚರ ಮನೆ.

ಅವರು ಗದಗದ ಬಳಿಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ರೋಗದ ಭಯದಿಂದ ಶಾಲೆ ಮುಚ್ಚಿದ ವರ್ಷ ಅದು. ಮನೆಯಿಂದಲೇ ಆನ್‌ಲೈನ್ ಪಾಠ ಮಾಡಲೆಂದು ಟೀಚರು ಬಿಂದಿಯನ್ನು ಉಗುರಿನಿಂದ ಕಿತ್ತರು. ನಾನು ಮೊದಲ ಬಾರಿ ಕಂಡದ್ದು ಅವರ ಅಡುಗೆಮನೆ, ಮತ್ತು ಅರಿಶಿನದ ನೀರಿಗೆ ಸಾಬೂನು ಬಿದ್ದೊಡನೆ ಅದು ಕೆಂಪಾದ ಬಗೆ.

"ಟೀಚರ್, ಕ್ಯಾಮೆರಾ ಕೆಳಗ ಮಾಡ್ರಿ, ಬರೇ ಫ್ಯಾನ್ ಕಾಣಾಕತ್ತೈತಿ!"

"ಮಾಡ್ತೀನೋ ಮಾರಾಯ. ನೀ ಮೊದಲ ಮ್ಯೂಟ್ ಮಾಡು. ನಿಮ್ಮಜ್ಜಿ ಕೆಮ್ಮೂದು ಇಡೀ ಕ್ಲಾಸಿಗೆ ಕೇಳಾಕತ್ತೈತಿ."

ಎಷ್ಟೋ ಮನೆಗಳಲ್ಲಿ ಇದ್ದ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಆ ಮಕ್ಕಳಿಗಾಗಿ ಟೀಚರು ಪ್ರತಿ ಪಾಠವನ್ನೂ ರೆಕಾರ್ಡ್ ಮಾಡಿ, ಮರುದಿನ ಬೆಳಿಗ್ಗೆ ತರಗತಿಯ ಗುಂಪಿಗೆ ಕಳಿಸುತ್ತಿದ್ದರು. ಇನ್ನೊಂದು ಪದ್ಧತಿ ಅವರು ಶಾಲೆಯಿಂದಲೇ ತಂದದ್ದು: ಕೊನೆಯ ಮಗು ಹೊರಡುವವರೆಗೆ ತರಗತಿ ಬಿಡುತ್ತಿರಲಿಲ್ಲ. ಪಾಠ ಮುಗಿದರೂ ತಾವಾಗಿ ಕರೆ ಮುಚ್ಚದೆ, ಒಂದೊಂದೇ ಹೆಸರು ಅಳಿಯುವುದನ್ನು ನೋಡುತ್ತ ಕೂರುತ್ತಿದ್ದರು.

ಒಂದು ಸಂಜೆ ಎಲ್ಲ ಹೆಸರುಗಳೂ ಅಳಿದವು, ಒಂದು ಉಳಿಯಿತು. ನೀಲಾಂಬಿಕಾ, ಹತ್ತನೇ ತರಗತಿ. ಅಪ್ಪನ ಫೋನನ್ನು ದನದ ಕೊಟ್ಟಿಗೆಗೆ ಒಯ್ದು ಪಾಠ ಕೇಳುತ್ತಿದ್ದ ಹುಡುಗಿ. ಅವಳ ಹಿಂದೆ ಎಮ್ಮೆಯ ಬಾಲ ಆಡುತ್ತಿತ್ತು.

"ಡೌಟ್ ಏನವ್ವ?"

"ಡೌಟ್ ಅಲ್ರಿ." ಅವಳು ಹಿಂದೆ ತಿರುಗಿ ನೋಡಿದಳು. "ಮಾಮಾಗ ಕೊಟ್ಟು ಮದುವಿ ಮಾಡಾಕತ್ತಾರ್ರಿ, ಮುಂದಿನ ವಾರ. ನಾ ಹೇಳೀನಂತ ಗೊತ್ತಾದ್ರ ಸುಮ್ನ ಬಿಡೂದಿಲ್ರಿ."

"ಯಾರಿಗೂ ಗೊತ್ತಾಗೂದಿಲ್ಲ, ನನ್ನ ನಂಬು. ನಾಳೆ ನಾನ ಮಕ್ಕಳ ರಕ್ಷಣಾ ಆಫೀಸಿಗೆ ಹೋಗಿ ಅಧಿಕಾರಿಗೆ ಹೇಳ್ತೀನಿ. ಕಣ್ಣೀರು ಒರಸ್ಕೊ."

ನನ್ನ ಪರದೆಯ ಮೂಲೆಯಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು. ನನಗೆ ಸಾಧ್ಯವಿದ್ದದ್ದು ಅಷ್ಟೇ, ಮಿನುಗುವುದು. ಟೀಚರ ಕಣ್ಣು ಹುಡುಗಿಯ ಮುಖದ ಮೇಲಿತ್ತು.

ಮರುದಿನ ಬೆಳಿಗ್ಗೆ ಅವರು ಆಫೀಸಿಗೆ ಹೊರಟು ನಿಂತಿದ್ದರು. ಚಪ್ಪಲಿ ಮೆಟ್ಟುವ ಮೊದಲು ಎಂದಿನಂತೆ ನನ್ನನ್ನು ತೆರೆದು, ಹಿಂದಿನ ದಿನದ ಪಾಠವನ್ನು ಗುಂಪಿಗೆ ಕಳಿಸಿದರು. ಕೊನೆಯವರೆಗೆ ನೋಡಲಿಲ್ಲ. ತಾವೇ ಮಾಡಿದ ಪಾಠವನ್ನು ಯಾರು ನೋಡುತ್ತಾರೆ? ಆ ಹುಡುಗಿಯ ಪಿಸುಮಾತು ನನ್ನಿಂದಲೇ ಊರಿನ ಫೋನುಗಳಿಗೆ ಹರಿಯಿತು. ಕಳಿಸಬೇಡಿ ಎನ್ನಲು ನನ್ನಲ್ಲಿ ಯಾವ ಕೀಲಿಯೂ ಇರಲಿಲ್ಲ.

ಅಧಿಕಾರಿಗಳು ಮಧ್ಯಾಹ್ನ ಆ ಮನೆ ತಲುಪಿದಾಗ ಬಾಗಿಲಿಗೆ ಬೀಗ. ಎಮ್ಮೆಯೂ ಇರಲಿಲ್ಲ. ಹುಡುಗಿಯ ಚಿಕ್ಕಪ್ಪನ ಮಗ ಅದೇ ತರಗತಿಯವನು. ಅವನ ಮನೆಯಲ್ಲಿ ವಿಡಿಯೋವನ್ನು ಕೊನೆಯವರೆಗೂ ನೋಡಿದ್ದರು. ಟೀಚರು ಓಡಿ ಬಂದು ಅದನ್ನು ಅಳಿಸಿದರು. ಗುಂಪಿನಿಂದ ಅಳಿಯಿತು, ಕಂಡವರ ತಲೆಯಿಂದ ಅಳಿಯಲಿಲ್ಲ.

ಸಂಜೆಯ ಪಾಠದ ನಡುವೆ 'ನೀಲಾಂಬಿಕಾ' ಎಂಬ ಹೆಸರು ಮೂಡಿತು. ಟೀಚರು ಪಾಠ ನಿಲ್ಲಿಸಿ ನನ್ನತ್ತ ಬಾಗಿದರು.

"ನೀಲಾ? ಎಲ್ಲಿದ್ದೀಯವ್ವ?"

ಚಿತ್ರ ಕಪ್ಪಾಗಿತ್ತು. ಬಂದದ್ದು ಗಂಡಸಿನ ದನಿ.

"ನಮಸ್ಕಾರ್ರಿ ಟೀಚರ್. ಆಕಿ ಮಾಮಾ ಮಾತಾಡೂದು. ಇವತ್ತಿಂದೂ ರೆಕಾರ್ಡ್ ಮಾಡಾಕತ್ತೀರೇನ್ರಿ? ಮಾಡ್ರಿ, ಮಾಡ್ರಿ. ನಿನ್ನಿ ಪಾಠ ನಮ್ಮ ಮಂದಿಗೆ ಭಾಳ ಸೇರೇತಿ."

ಹೆಸರು ಅಳಿಯಿತು. ಆ ಮಾತನ್ನು ನನ್ನ ಬಾಯಿಂದಲೇ ಆಡಬೇಕಾಯಿತು. ಟೀಚರು ಪೊಲೀಸರ ಬಳಿ ಹೋದರು, ಬಸ್ ಹತ್ತಿ ನೆಂಟರ ಊರುಗಳನ್ನು ಹುಡುಕಿದರು. ಹುಡುಗಿಯ ಅಪ್ಪನ ಫೋನು ಬಂದ್ ಆಗಿತ್ತು. ಹುಡುಗಿ ಸಿಗಲಿಲ್ಲ.

ಅಂದಿನಿಂದ ಅವರ ರೀತಿಯೇ ಬದಲಾಯಿತು. ದಿನಕ್ಕೊಂದು ಹೊಸ ಲಿಂಕು. ಬಂದವರನ್ನು ಹೊರಗೆ ನಿಲ್ಲಿಸಿ, ಗುರುತು ನೋಡಿ ಒಳಗೆ ಬಿಡುವುದು. ಪಾಠ ಮುಗಿದ ಕ್ಷಣ, ಮಕ್ಕಳು ಏಳುವ ಮೊದಲೇ, "ರೆಕಾರ್ಡ್ ನಿಂತೈತಿ, ನೀವೂ ನೋಡ್ರಿ" ಎಂದು ಗಟ್ಟಿಯಾಗಿ ಹೇಳುವುದು. ಕಳಿಸುವ ಮುನ್ನ ತಮ್ಮ ಪಾಠವನ್ನು ತಾವೇ ಪೂರ್ತಿ ನೋಡುವುದು. "ಹೂಗಾರ ಟೀಚರ್ ಕ್ಲಾಸಂದ್ರ ಬ್ಯಾಂಕಿನ ಲಾಕರ್ ಇದ್ದಂಗ" ಎಂದು ಹೆಡ್ಮಾಸ್ಟರು ಚುಡಾಯಿಸಿದರೆ ಟೀಚರು ನಗುತ್ತಿರಲಿಲ್ಲ.

ಈಗ ನಾನು ಮುದಿಯಾಗಿದ್ದೇನೆ. ಬ್ಯಾಟರಿ ಉಬ್ಬಿತೆಂದು ಕಿತ್ತು ಹಾಕಿದ್ದಾರೆ. ಗೋಡೆಯ ವಿದ್ಯುತ್ತೇ ನನ್ನ ಉಸಿರು. ಪಾಠಕ್ಕೆ ಹೊಸ ಯಂತ್ರ ಬಂದಿದೆ. ಅಡುಗೆಮನೆಯ ಹಲಗೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ನನ್ನ ಜಾಗ. "ಗುಜರಿಗೆ ಹಾಕ್ರಿ" ಎಂದ ರಿಪೇರಿಯವನನ್ನು ಟೀಚರು ಗದರಿ ಕಳಿಸಿದರು.

ಕಾರಣ ಇಷ್ಟೇ. ಆ ವರ್ಷದ ಹಳೆಯ ಲಿಂಕನ್ನು ನೀಲಾಂಬಿಕಾ ವಿಜ್ಞಾನದ ಪುಸ್ತಕದ ರಟ್ಟಿನೊಳಗೆ ಬರೆದುಕೊಂಡಿದ್ದಳು. ಅದೊಂದನ್ನು ಟೀಚರು ಅಳಿಸಿಲ್ಲ. ಪ್ರತಿ ಭಾನುವಾರ ನನ್ನಲ್ಲಿ ಆ ಲಿಂಕಿನ ತರಗತಿ ಕೋಣೆಯನ್ನು ತೆರೆದು, ಕೆಂಪು ಚುಕ್ಕೆ ಇಲ್ಲವೆಂದು ಬೆರಳಿಟ್ಟು ನೋಡಿ, ಕಾಯಿಪಲ್ಯ ಹೆಚ್ಚುತ್ತ ಕಾಯುತ್ತಾರೆ. ಯಾರಾದರೂ ಹೊರಗೆ ಬಂದು ನಿಂತರೆ ಸಣ್ಣ ಸದ್ದು ಮಾಡುವುದು ನನ್ನ ಕೆಲಸ. ಇದುವರೆಗೆ ಸದ್ದು ಮಾಡಿಲ್ಲ.

ಹೋದ ಭಾನುವಾರ ಕರೆಂಟು ಹೋಯಿತು. ನಾನು ಆ ಕ್ಷಣವೇ ಸತ್ತೆ. ಮತ್ತೆ ಕಣ್ಣು ತೆರೆದಾಗ ಟೀಚರು ಈಳಿಗೆಮಣೆಯನ್ನು ಬದಿಗೆ ಸರಿಸಿ, ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಈಗ ಬಂದು ಹೋದ್ಲೇನು?" ಎಂದು ನನ್ನನ್ನೇ ಕೇಳಿದರು.

ಕತ್ತಲಾಗಿದ್ದ ಹೊತ್ತಿನಲ್ಲಿ ಬಾಗಿಲಿಗೆ ಯಾರು ಬಂದಿದ್ದರೋ ನನಗೂ ತಿಳಿಯದು.