ಐದು ವರ್ಷ ಕುಡುಗೋಲು ತಾಗದ ದಡ

ಡೆಲಿಯಾಳ ಬಲಗೈ ಹೆಬ್ಬೆರಳು ಈಗ ಮಡಚುವುದಿಲ್ಲ. ನಲವತ್ತೆಂಟು ವರ್ಷ ತಣ್ಣೀರಿನಲ್ಲಿ ಕುಡುಗೋಲು ಹಿಡಿದ ಕೈ ಅದು. ಬೆಳಿಗ್ಗೆ ಚಹಾದ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿಯುತ್ತಾಳೆ. ಆದರೂ ಕಡಲು ಇಳಿಯಿತೆಂದರೆ ರಬ್ಬರ್ ಬೂಟು ಹಾಕಿಕೊಂಡು ನಮ್ಮೆಲ್ಲರಿಗಿಂತ ಮೊದಲು ಬಂಡೆಗಳ ಮೇಲಿರುತ್ತಾಳೆ. ಬಗ್ಗಿ ಕಡಲಪಾಚಿ ಕೊಯ್ಯುತ್ತಾಳೆ, ಹಗ್ಗ ಬಿಗಿದು ಕಟ್ಟುತ್ತಾಳೆ. ಉಬ್ಬರ ಬಂದು ಕಟ್ಟು ತೇಲಿದಾಗ ನಾನು ದೋಣಿಯಲ್ಲಿ ಎಳೆದು ತರುತ್ತೇನೆ. ನಾನು ಕೋಲ್ಮನ್, ಅವಳ ಪಕ್ಕದ ಮನೆಯವನು.

ಕಾನಮಾರಾ ಎಂಬ ಕರಾವಳಿ ಸೀಮೆಯ ಈ ಕೊಲ್ಲಿಯಲ್ಲಿ ಪಾಚಿ ಕೊಯ್ದು ಮಾರಿ ಬದುಕುವ ಮನೆಗಳು ಹನ್ನೊಂದು. ಒಂದೊಂದು ಮನೆಗೂ ಈ ಬಂಡೆಯಿಂದ ಆ ಬಂಡೆಯವರೆಗೆ ಎಂದು ದಡದ ತುಂಡುಗಳಿವೆ. ಅಜ್ಜಂದಿರ ಕಾಲದಿಂದ ಬಂದದ್ದು, ಕಾಗದ ಯಾರ ಬಳಿಯೂ ಇಲ್ಲ. ಕೊಯ್ಯುವಾಗ ಬುಡದಲ್ಲಿ ಒಂದು ಗೇಣು ಬಿಡಬೇಕು. ಒಮ್ಮೆ ಕೊಯ್ದ ತುಂಡಿಗೆ ನಾಲ್ಕು ವರ್ಷ ವಿಶ್ರಾಂತಿ ಕೊಡಬೇಕು. ಅದಕ್ಕೂ ಮೊದಲೇ ಕುಡುಗೋಲು ಹಾಕಿದವನ ಪಕ್ಕ ಪಬ್ಬಿನಲ್ಲಿ ಯಾರೂ ಕೂರುವುದಿಲ್ಲ.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಕಡಲೇ ಬೆಚ್ಚಗಾಗಿ ಪಾಚಿಯ ತುದಿಗಳು ಬಿಳಿಚಿ ಸತ್ತವು. ನಾವು ಶಾಲೆಯ ಕೋಣೆಯಲ್ಲಿ ಸೇರಿದೆವು. ನಾಲ್ಕರ ಬದಲು ಆರು ವರ್ಷ ವಿಶ್ರಾಂತಿ ಕೊಡುವುದೆಂದು ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಯಾರೂ ಭಾಷಣ ಮಾಡಲಿಲ್ಲ. ಮೂರರಲ್ಲಿ ಒಂದು ಪಾಲು ಕೆಲಸ ಹೋಯಿತು. ಆ ಚಳಿಗಾಲ ಡೆಲಿಯಾ ಅಡುಗೆಮನೆಯೊಂದರಲ್ಲೇ ಬೆಂಕಿ ಹಾಕಿ, ಅಲ್ಲೇ ಬೆಂಚಿನ ಮೇಲೆ ಮಲಗಿದಳು.

ನಾವು ಬದಲಾಗಿ ಮುಗಿದ ಮೇಲೆ, ನಮ್ಮನ್ನು ಬದಲಾಯಿಸಲು ಡಬ್ಲಿನ್ನಿನ ಕಡಲ ಇಲಾಖೆ ಈ ವರ್ಷ ಒಬ್ಬನನ್ನು ಕಳಿಸಿತು. ಡಾಕ್ಟರ್ ರೋನನ್. ಕಾಯಿಲೆ ನೋಡುವ ಡಾಕ್ಟರಲ್ಲ, ಜನರ ನಡವಳಿಕೆ ತಿದ್ದುವ ಡಾಕ್ಟರ್. ಅವನ ರಬ್ಬರ್ ಬೂಟಿಗೆ ಅಂಗಡಿಯ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ನಮ್ಮನ್ನು ಮಕ್ಕಳ ಬೆಂಚುಗಳ ಮೇಲೆ ಕೂರಿಸಿದ. ಬಣ್ಣದ ಚೀಟಿ ಹಂಚಿದ.

"ಕಡಲಿಗಾಗಿ ನೀವು ಬಿಟ್ಟುಕೊಡೋ ಒಂದು ಅಭ್ಯಾಸ ಬರೀರಿ. ಚಿಕ್ಕದಾದ್ರೂ ಪರವಾಗಿಲ್ಲ."

"ಇಂಥ ಸಭೆಗೆ ಬರೋದನ್ನ ಬಿಡ್ತೀನಿ" ಎಂದು ಫೆಸ್ಟಿ ಬರೆದ. ಮಾತಿನಲ್ಲೂ ಕೆಲಸದಲ್ಲೂ ನಮ್ಮಲ್ಲಿ ಮುಂದಿರುವವನು ಅವನು. ಡಾಕ್ಟರ್ ಆ ಚೀಟಿಯನ್ನೂ ಓದದೆ ಗೋಡೆಗೆ ಅಂಟಿಸಿದ.

ಆಮೇಲೆ ದಡಕ್ಕೆ ಬಂದ. ಕೈಯಲ್ಲಿ ನಕ್ಷೆ ತೋರಿಸುವ ಹಲಗೆಯಂಥ ಕಂಪ್ಯೂಟರ್. ಒಂದೊಂದು ತುಂಡಿನ ಮುಂದೆಯೂ ನಿಂತು ಒಂದೇ ಪ್ರಶ್ನೆ.

"ಇಲ್ಲಿ ಕೊನೇ ಸಲ ಯಾವಾಗ ಕೊಯ್ದಿದ್ದು?"

"ಐದು ವರ್ಷ ಆಯ್ತು ಡಾಕ್ಟ್ರೇ" ಎಂದಳು ಡೆಲಿಯಾ. "ಒಂದು ಎಳೆ ಮುಟ್ಟಿಲ್ಲ. ಇನ್ನೂ ಒಂದು ವರ್ಷ ಮುಟ್ಟಲ್ಲ."

"ತುಂಬಾ ಒಳ್ಳೇದು" ಎಂದು ಅವನು ಕಂಪ್ಯೂಟರಿನ ಮೇಲೆ ಬೆರಳು ಒತ್ತಿದ.

ನಮಗೊಂದು ಜಂಬವಿದೆ. ಯಾರ ದಡ ಹೆಚ್ಚು ವರ್ಷ ವಿಶ್ರಾಂತಿಯಲ್ಲಿದೆಯೋ ಆ ಮನೆ ದೊಡ್ಡದು. ಎರಡು ವರ್ಷದ ಹಿಂದೆ ಬಿರುಗಾಳಿಗೆ ಛಾವಣಿ ಹಾರಿದಾಗ ಫೆಸ್ಟಿ ತನ್ನ ಉತ್ತರದ ತುಂಡಿಗೆ ಕದ್ದು ಕುಡುಗೋಲು ಹಾಕಿದ್ದ. ನೋಡಿಯೂ ನೋಡದಂತೆ ಇದ್ದೆವು. ಡಾಕ್ಟರ್ ಕೇಳಿದಾಗ ಅವನು ಎದೆಯುಬ್ಬಿಸಿ, "ಏಳು ವರ್ಷ" ಎಂದ. ನಾನೇನು ಕಡಿಮೆಯವನೇ? ನನ್ನ ನಾಲ್ಕನ್ನು ಆರು ಮಾಡಿದೆ. ಡಾಕ್ಟರ್ ಎಲ್ಲವನ್ನೂ ನಗುನಗುತ್ತಾ ಒತ್ತಿಕೊಂಡು ಹೋದ.

ಸೆಪ್ಟೆಂಬರಿನಲ್ಲಿ ದೋಣಿಕಟ್ಟೆಯ ಹಲಗೆಗೆ ನೋಟೀಸು ಬಿತ್ತು. 'ಬಳಕೆಯಲ್ಲಿಲ್ಲದೆ ತೊರೆದುಬಿಟ್ಟ' ಹದಿನಾಲ್ಕು ತುಂಡುಗಳನ್ನು ಒಂದು ಕಂಪನಿಗೆ ಕೊಡಲಾಗಿದೆಯಂತೆ. ಅವರು ಯಂತ್ರದ ದೋಣಿಯಲ್ಲಿ ಪಾಚಿ ಕೊಯ್ದು, ಒಣಗಿಸಿ, ದನದ ಮೇವಿಗೆ ಬೆರೆಸುವ ಪುಡಿ ಮಾಡುತ್ತಾರೆ. ಆ ಪುಡಿ ತಿಂದ ದನ ಕಡಿಮೆ ತೇಗಿ, ಬಿಸಿ ಏರಿಸುವ ಅನಿಲ ತಗ್ಗಿ, ಭೂಮಿ ತಂಪಾಗುತ್ತದಂತೆ. ನಾವು ಹಸಿದರೆ ಭೂಮಿ ಎಷ್ಟು ತಂಪಾಗುತ್ತದೆ ಎಂದು ನೋಟೀಸಿನಲ್ಲಿ ಬರೆದಿರಲಿಲ್ಲ.

ಡೆಲಿಯಾ, ಫೆಸ್ಟಿ, ನಾನು ಬಸ್ಸು ಹತ್ತಿ ಗಾಲ್ವೇಯ ಕಚೇರಿಗೆ ಹೋದೆವು. ಕಿಟಕಿಯ ಆಚೆ ಕೂತ ಅಧಿಕಾರಿಣಿ ನಮ್ಮದೇ ಉತ್ತರಗಳನ್ನು ನಮಗೆ ಓದಿ ಹೇಳಿದಳು.

"ಐದು ವರ್ಷದಿಂದ ಕೊಯ್ದಿಲ್ಲ ಅಂತ ನೀವೇ ಹೇಳಿದೀರಿ."

"ವಿಶ್ರಾಂತಿ ಕೊಟ್ಟಿದೀವಿ, ತಾಯಿ" ಎಂದಳು ಡೆಲಿಯಾ. "ಬೆಳೀಲಿ ಅಂತ ಬಿಟ್ಟಿದೀವಿ."

"ಬಳಕೆ, ಬಳಕೆ ಇಲ್ಲ. ಇಷ್ಟೇ ಇರೋದು. ವಿಶ್ರಾಂತಿ ಅಂತ ನಮ್ಮಲ್ಲಿ ಕಾಲಮ್ಮೇ ಇಲ್ಲ."

ಫೆಸ್ಟಿ ಟೋಪಿ ತೆಗೆದ. ಅವನ ಮುಖ ಕೆಂಪಾಗಿತ್ತು. "ಮೇಡಂ, ನಾನು ಸುಳ್ಳು ಹೇಳಿದ್ದೆ. ನನ್ನ ತುಂಡಲ್ಲಿ ಎರಡು ವರ್ಷದ ಹಿಂದೆ ಕೊಯ್ದಿದೀನಿ. ಇವನೂ ಸುಳ್ಳೇ ಹೇಳಿರೋದು."

"ಅಂದ್ರೆ ಸರ್ಕಾರಕ್ಕೆ ತಪ್ಪು ಮಾಹಿತಿ ಕೊಟ್ರಾ? ಅದು ಬೇರೆ ಅಪರಾಧ ಆಗುತ್ತೆ, ಬರ್ಕೊಳ್ಳಲಾ?"

ಫೆಸ್ಟಿ ಟೋಪಿ ಹಾಕಿಕೊಂಡ. ಅವಳಿಗೆ ಸ್ವಲ್ಪ ಕನಿಕರ ಬಂದಿರಬೇಕು. ದನಿ ತಗ್ಗಿಸಿದಳು. "ಆಕ್ಷೇಪಣೆಗೆ ಇಪ್ಪತ್ತೆಂಟು ದಿನ ಟೈಮಿದೆ. ಹೋಗಿ ಎಲ್ಲಾ ಕೊಯ್ದುಬಿಡಿ. ಫೋಟೋ ತೆಗೆದು ಕಳಿಸಿ. ಬಳಕೆಯಲ್ಲಿದೆ ಅಂತ ಪರಿಶೀಲಿಸ್ತೀವಿ."

ಹಳ್ಳಿಗೆ ಮರಳಿದ ಮೇಲೆ ಶಾಲೆಯಲ್ಲಿ ಮತ್ತೆ ಸೇರಿದೆವು. ಗೋಡೆಯ ಮೇಲೆ ಆ ಬಣ್ಣದ ಚೀಟಿಗಳು ಹಾಗೇ ಇದ್ದವು.

"ಕೊಯ್ಯೋಣ" ಎಂದ ಫೆಸ್ಟಿ. "ಪಾಚಿ ಹಾಳಾದ್ರೆ ನಮ್ಮ ಕೈಲೇ ಹಾಳಾಗ್ಲಿ. ದಡನಾದ್ರೂ ಉಳಿಯುತ್ತೆ."

"ಸತ್ತ ದಡ ಇಟ್ಕೊಂಡು ಏನ್ ಮಾಡ್ತೀಯೋ? ಮೆರವಣಿಗೆ ಮಾಡ್ತೀಯಾ?" ಎಂದಳು ಡೆಲಿಯಾ. "ಆ ಬೇಸಿಗೆ ಬಿಸಿ ಕಂಡ ಪಾಚಿನ ಈಗ ಕೊಯ್ದ್ರೆ ಮತ್ತೆ ಚಿಗುರಲ್ಲ. ನಿಂಗೂ ಗೊತ್ತು. ಅವಳಿಗೆ ಗೊತ್ತಿಲ್ಲ, ಅವಳು ಕಿಟಕಿ ಹಿಂದೆ ಇರೋಳು. ನೀನು ನೀರಲ್ಲಿ ನಿಂತೋನು, ನಿಂಗೇನಾಗಿದೆ?"

ಕೈ ಎತ್ತಲು ಹೇಳಿದಾಗ ಕೊಯ್ಯಬಾರದು ಎಂದು ಹನ್ನೊಂದು ಮನೆಯ ಕೈಗಳೂ ಎದ್ದವು. ಫೆಸ್ಟಿಯದು ಕೊನೆಗೆ ಎದ್ದಿತು.

ಇಪ್ಪತ್ತೊಂಬತ್ತನೆಯ ದಿನ ಯಂತ್ರದ ದೋಣಿ ಬಂತು. ಡೆಲಿಯಾಳ ತುಂಡಿನಿಂದಲೇ ಶುರು ಮಾಡಿತು. ಐದು ವರ್ಷ ಅವಳು ಕಾದಿದ್ದನ್ನು ನಲವತ್ತು ನಿಮಿಷದಲ್ಲಿ ನುಂಗಿ ಹೋಯಿತು. ಇಳಿತದಲ್ಲಿ ಹೋಗಿ ನೋಡಿದರೆ ಗೇಣಿಲ್ಲ, ಬೆರಳುದ್ದವಿಲ್ಲ. ಬಂಡೆಗಳು ಬೋಳಾಗಿದ್ದವು. ಕಿತ್ತು ಬಂದ ಬುಡಗಳು ನೀರಂಚಿನಲ್ಲಿ ರಾಶಿ ಬಿದ್ದಿದ್ದವು. ಡೆಲಿಯಾ ಒಂದು ಬುಡವನ್ನು ಎತ್ತಿ ನೋಡಿದಳು. ಅವಳು ಅತ್ತಿದ್ದನ್ನು ನಾನು ಆವತ್ತೇ ಮೊದಲು ಕಂಡದ್ದು, ಗಂಡ ಸತ್ತಾಗಲೂ ಅತ್ತಿರಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡಳು. "ಕಂಪನಿ ಯಜಮಾನ ಡಿವೇನ್ ಅಲ್ವಾ? ಆ ದಿಬ್ಬದ ಮೇಲಿನ ಗಾಜಿನ ಮನೆ ಅವನದೇ ತಾನೇ?"

"ಹೂಂ. ಆಗಸ್ಟಲ್ಲಿ ಒಂದು ವಾರ ಬರ್ತಾನೆ" ಎಂದೆ. "ಹೋದ ವರ್ಷ ಅದೂ ಬರ್ಲಿಲ್ಲ."

"ಚೀಲ ತನ್ನಿ" ಎಂದಳು.

ಹನ್ನೊಂದು ಮನೆಯವರೂ ಬುಡಗಳನ್ನು ಚೀಲಕ್ಕೆ ತುಂಬಿ ಹೊತ್ತುಕೊಂಡು ದಿಬ್ಬ ಹತ್ತಿದೆವು. ಗಾಜಿನ ಮನೆಯ ಅಂಗಳದಲ್ಲಿ ಸುರಿದೆವು. ಪಕ್ಕದಲ್ಲೇ ಒಲೆ ಹೂಡಿ ಚಹಾ ಕಾಸಿದೆವು, ಸೋಡಾ ಬ್ರೆಡ್ ಹಂಚಿ ತಿಂದೆವು. ಒಂದು ಗಾಜನ್ನೂ ಮುಟ್ಟಲಿಲ್ಲ. ರಾತ್ರಿ ಸರದಿಯಲ್ಲಿ ಕಾವಲು ಕೂತೆವು. ಸುದ್ದಿ ಮುಟ್ಟಿ ಮಾರನೆಯ ದಿನ ಮಧ್ಯಾಹ್ನ ಡಿವೇನ್ ಡಬ್ಲಿನ್ನಿನಿಂದ ಕಾರು ಓಡಿಸಿಕೊಂಡು ಬಂದ, ಜೊತೆಗೆ ಪೊಲೀಸ್ ಸಾರ್ಜೆಂಟನನ್ನೂ ಕರೆತಂದ. ಇದೇ ಕೊಲ್ಲಿಯಲ್ಲಿ ಬೆಳೆದ ಸಾರ್ಜೆಂಟ್ ನಮ್ಮ ಮುಖ ನೋಡಲಾರದೆ ಪುಸ್ತಕ ತೆರೆದ.

"ಡೆಲಿಯಾ, ಇದು ಬೇರೆಯವರ ಮನೆ. ಎದ್ದೇಳಿ."

"ಏಳ್ತೀನಿ ಮಗಾ. ಅವರನ್ನ ಒಂದು ಮಾತು ಕೇಳ್ತೀನಿ, ನೀನು ಬರ್ಕೋ." ಅವಳು ಡಿವೇನನ ಕಡೆ ತಿರುಗಿದಳು. "ಸ್ವಾಮಿ, ಈ ಮನೇನ ಕೊನೇ ಸಲ ಯಾವಾಗ ಬಳಸಿದ್ದು?"

ಡಿವೇನ್ ಕಾರಿನ ಬಾಗಿಲನ್ನು ಬಡಿದು ಮುಚ್ಚಿದ. "ಅದು ನಿಂಗ್ಯಾಕೆ? ಬರ್ತೀನೋ ಬಿಡ್ತೀನೋ, ಹತ್ತು ವರ್ಷ ಬೀಗ ಹಾಕಿಡ್ತೀನೋ, ನನ್ನಿಷ್ಟ. ಬಳಸಿಲ್ಲ ಅಂದ ಮಾತ್ರಕ್ಕೆ ನಂದಲ್ಲ ಅಂತಾಗುತ್ತಾ?"

ಸಾರ್ಜೆಂಟನ ಪೆನ್ನು ನಿಂತಿತು.

"ಅದನ್ನೇ ಬರ್ಕೋ ಮಗಾ" ಎಂದಳು ಡೆಲಿಯಾ. "ಅವರು ಹೇಳಿದ ಹಾಗೇ, ಒಂದಕ್ಷರ ಬಿಡಬೇಡ. ಕೆಳಗಡೆ ಅವರ ಸಹಿ ಹಾಕಿಸ್ಕೋ. ಆಮೇಲೆ ಅದೇ ಮಾತಿನ ಕೆಳಗೆ ನಮ್ಮ ಹನ್ನೊಂದು ಮನೆ ಹೆಸರೂ ಬರಿ. ನಮ್ಮ ದಡಕ್ಕೂ ಅದೇ ಮಾತು."

ಫೆಸ್ಟಿ ತನ್ನ ಹೆಸರು ಹೇಳಿದ. ನಾನು ನನ್ನದು ಹೇಳಿದೆ. ಸಾರ್ಜೆಂಟ್ ಬರೆಯತೊಡಗಿದ. ಒಲೆಯ ಮೇಲೆ ಚಹಾ ಇನ್ನೂ ಇತ್ತು. ಅಂಗಳದಿಂದ ಯಾರೂ ಏಳಲಿಲ್ಲ.