ಆರನೇ ದರ್ಜೆಯ ಲಾಪ್ತೇವ್

ಬಾಕ್ಸಿಂಗ್‌ನಲ್ಲಿ ತೂಕ ಕಡಿಮೆ ಇದ್ದವರ ಸರದಿ ಮೊದಲು, ದಡಿಯರ ಸರದಿ ಎಲ್ಲರಿಗಿಂತ ಕೊನೆಗೆ. ಈ ನಿಯಮ ಮಾಡಿದ ಪುಣ್ಯಾತ್ಮ ಯಾರೋ, ಖಂಡಿತ ಸಣಕಲನೇ ಇದ್ದಿರಬೇಕು. ಸವೇಲಿ ಲಾಪ್ತೇವ್ ತೂಗುತ್ತಿದ್ದದ್ದು ತೊಂಬತ್ತೆಂಟು ಕಿಲೋ. ಹಾಗಾಗಿ ಲೆನಿನ್‌ಗ್ರಾದ್‌ನಿಂದ ತಾಷ್ಕೆಂಟ್‌ವರೆಗೆ ಯಾವ ಊರಿಗೆ ಹೋದರೂ ಅವನೇ ಕೊನೆಯವನು. ಸಂಜೆ ಕೈಗೆ ಪಟ್ಟಿ ಸುತ್ತಿಕೊಂಡು ಕೋಣೆಯಲ್ಲಿ ಕೂತರೆ ತಂಡದವರು ಒಬ್ಬೊಬ್ಬರಾಗಿ ಹೋಗಿ, ಗೆದ್ದೋ ಸೋತೋ ಬಂದು, ಸ್ನಾನ ಮುಗಿಸಿ, ತಲೆ ಬಾಚಿಕೊಂಡು ಊಟಕ್ಕೆ ಹೊರಡುತ್ತಿದ್ದರು. "ಸವೇಲಿ, ನಿಂಗೊಂದು ಕಟ್ಲೆಟ್ ಎತ್ತಿಟ್ಟಿರ್ತೀವಿ ಕಣೋ" ಅನ್ನುತ್ತಿದ್ದರು. ಎತ್ತಿಡುತ್ತಿದ್ದುದೇನೋ ನಿಜ, ಆದರೆ ಅದು ಒಂದು ದಿನವೂ ಬಿಸಿಯಾಗಿರಲಿಲ್ಲ.

ವೋಲ್ಗಾ ದಂಡೆಯಲ್ಲಿ ದೋಣಿಗಳಿಂದ ಹಿಟ್ಟಿನ ಮೂಟೆ ಇಳಿಸುತ್ತಿದ್ದವನನ್ನು ಒಬ್ಬ ಕೋಚ್ ಕಂಡು ಎಳೆದುಕೊಂಡು ಹೋಗಿದ್ದ. ಆಮೇಲೆ ಇಡೀ ದೇಶದ ಪಂದ್ಯದಲ್ಲಿ ಎರಡು ಸಲ ಬೆಳ್ಳಿ, ಬರ್ಲಿನ್‌ನಲ್ಲಿ ಒಂದು ಕಂಚು. ಚಿನ್ನ ಮಾತ್ರ ಕೈಗೆ ಬರಲೇ ಇಲ್ಲ. ಮೂರನೇ ಸಲ ಕೀವ್‌ನ ಫೈನಲ್‌ನಲ್ಲಿ ಇಪ್ಪತ್ತೊಂದರ ಒಬ್ಬ ಸೈನಿಕ ಎರಡನೇ ಸುತ್ತಿನಲ್ಲೇ ಅವನನ್ನು ಮಲಗಿಸಿದ. ಕೋಣೆಗೆ ಬಂದರೆ ನರಪಿಳ್ಳೆಯೂ ಇಲ್ಲ. ಕೋಚ್ ಕೂಡ ಹೊಸಬನನ್ನು ಮಾತಾಡಿಸಲು ಹೋಗಿದ್ದ. ಗ್ಲೌಸಿನ ದಾರವನ್ನು ಒಬ್ಬನೇ ಬಿಚ್ಚಿಕೊಳ್ಳಲಾಗುವುದಿಲ್ಲ. ಸವೇಲಿ ಹಲ್ಲಿನಿಂದ ಕಚ್ಚಿ ಎಳೆದು ಬಿಚ್ಚಿದ. ಆಗ ಅವನಿಗೆ ಮೂವತ್ಮೂರು ವರ್ಷ.

"ಇನ್ನು ಫ್ಯಾಕ್ಟರಿಗೆ ಹೋಗಪ್ಪ. ನಿನ್ನ ಜಾಗ ಅಲ್ಲಿ ಇದ್ದೇ ಇದೆ" ಎಂದು ಕೋಚ್ ಕೈ ತೊಳೆದುಕೊಂಡ.

ಜಾಗ ಇದ್ದದ್ದು ನಿಜ. ಹೊಟ್ಟೆಪಾಡಿಗಾಗಿ ಹೊಡೆದಾಡುವವರು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ನೋಡಿ, ಎಲ್ಲರೂ ಹವ್ಯಾಸಿಗಳು, ಎಲ್ಲರಿಗೂ ಒಂದು ಉದ್ಯೋಗ ಇರಲೇಬೇಕು. ಕಾಗದದ ಮೇಲೆ ಸವೇಲಿ ಹನ್ನೊಂದು ವರ್ಷದಿಂದ ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್. ಅದೂ ಆರನೇ ದರ್ಜೆ, ಅದಕ್ಕಿಂತ ಮೇಲೆ ಇನ್ನೊಂದಿಲ್ಲ. ಗೇಟಿನ ಗೌರವ ಫಲಕದಲ್ಲಿ ಅವನ ಫೋಟೋ. ಅವನೋ ಆ ಗೇಟು ದಾಟಿದ್ದು ನಾಲ್ಕು ಸಲ, ಹೂಗುಚ್ಛ ಇಸಿದುಕೊಳ್ಳಲು.

ಮೊದಲ ದಿನ ತನ್ನ ಹೆಸರಿದ್ದ ಬೆಂಚಿಗೆ ಹೋದರೆ ಅಲ್ಲಿ ಐವತ್ತರ ಹೆಂಗಸೊಬ್ಬಳು ಅರ ಹಾಕಿ ಉಕ್ಕು ಉಜ್ಜುತ್ತಿದ್ದಳು. ಗ್ಲಾಫಿರಾ ಇಗ್ನಾತ್ಯೆವ್ನಾ.

"ಇದು ನನ್ನ ಜಾಗ ಅಂದ್ರು" ಎಂದ ಸವೇಲಿ.

"ನಿಂದೇ ಕಣಪ್ಪ. ಹನ್ನೊಂದು ವರ್ಷದಿಂದ ಬೆಚ್ಚಗೆ ಇಟ್ಟಿದ್ದೀನಿ, ಬಾ" ಎಂದಳು ಅವಳು ತಲೆ ಎತ್ತದೆ.

ಅವನ ಹೆಸರಿನ ಕೆಲಸವನ್ನೆಲ್ಲ ತನ್ನ ಕೆಲಸದ ಜೊತೆಗೆ ಮಾಡಿದವಳು ಅವಳೇ. ಅವರ ಕೆಲಸದ ಗುಂಪಿಗೆ ಆರನೇ ದರ್ಜೆಯ ಜಾಗ ಒಂದೇ ಒಂದು, ಅದರಲ್ಲಿ ಲಾಪ್ತೇವ್ ಕೂತಿದ್ದ. ಅವಳು ನಾಲ್ಕರಲ್ಲೇ ಉಳಿದಿದ್ದಳು. ಇದು ತಿಳಿದ ದಿನ ಸವೇಲಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕ್ಯಾಂಟೀನಿನಲ್ಲಿ ಅವನು ಕೂತ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಅದು ದ್ವೇಷವಲ್ಲ, ಗೋಡೆಯ ಮೇಲಿನ ಫೋಟೋದ ಜೊತೆ ಕೂತು ಎಲೆಕೋಸಿನ ಸೂಪು ಕುಡಿಯಲು ಯಾರಿಗಾದರೂ ಮುಜುಗರವೇ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ರೈಲಿನಲ್ಲೇ ಕಳೆದ ಆಯಸ್ಸು. ಪಕ್ಕದಲ್ಲಿ ಯಾರಾದರೂ ಕೂತು ಉಪ್ಪು ಈ ಕಡೆ ಸರಿಸು ಅಂದರೆ ಸಾಕು ಎಂದು ಅವನ ಜೀವ ಹಂಬಲಿಸುತ್ತಿತ್ತು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಅವನಿಗೆ ಬೇಕಾಗಿದ್ದುದು ಅಷ್ಟೇ.

ಮಾರ್ಚ್‌ನಲ್ಲಿ ದರ್ಜೆಯ ಪರೀಕ್ಷೆ ಬಂತು. ಇರುವ ದರ್ಜೆ ಉಳಿಯಬೇಕೆಂದರೂ ಅದಕ್ಕೆ ಕೂರಲೇಬೇಕು. ಆರನೇ ದರ್ಜೆಯವನು ಉಕ್ಕಿನ ತಟ್ಟೆಯಲ್ಲಿ ಆರು ಮೂಲೆಯ ತೂತು ಕೊರೆದು, ಅದಕ್ಕೆ ಆರು ಮೂಲೆಯ ತುಂಡು ಕೂರಿಸಬೇಕು. ಹೇಗೆ ತಿರುಗಿಸಿ ಕೂರಿಸಿದರೂ ಸಂದಿಯಿಂದ ಬೆಳಕು ತೂರಬಾರದು. ಮೇಸ್ತ್ರಿ ಕುಜ್ಮಿಚ್ ಸವೇಲಿಯನ್ನು ಪಕ್ಕಕ್ಕೆ ಕರೆದು ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಕೊಟ್ಟ.

"ಗ್ಲಾಫಿರಾ ಮಾಡಿದ್ದು. ಮೇಜಿನ ಮೇಲಿಡು, ಬಾಯಿ ಮುಚ್ಕೊಂಡಿರು. ಎಲ್ರಿಗೂ ಒಳ್ಳೇದು."

"ಇಗ್ನಾತ್ಯೆವ್ನಾಗೆ?"

"ಅವಳಿಗೆ ರೂಢಿಯಾಗಿದೆ ಬಿಡಪ್ಪ. ಪೇಪರಿನೋರು ನಿನ್ನ ಬಗ್ಗೆ ಬರೀತಾ ಇದಾರೆ, ಈಗ ತಲೆ ಕೆಡಿಸ್ಬೇಡ."

ಸವೇಲಿ ಐದು ವಾರದಿಂದ ತಾನೂ ಒಂದು ತುಂಡನ್ನು ಉಜ್ಜುತ್ತಿದ್ದ. ಎಷ್ಟೋ ಸಲ ಮುರಿದು ಕೂಡಿದ ಬೆರಳುಗಳಿಗೆ ಅರದ ಹಿಡಿ ಎಲ್ಲಿದೆಯೆಂದೇ ಗೊತ್ತಾಗುತ್ತಿರಲಿಲ್ಲ.

ಪರೀಕ್ಷೆಯ ದಿನ ಕೆಳಗಿನ ದರ್ಜೆಯವರು ಮೊದಲು ಒಳಗೆ ಹೋದರು, ಆರನೆಯವರು ಕೊನೆಗೆ. ಮತ್ತೆ ಅದೇ ಹಣೆಬರಹ. ಸವೇಲಿ ಬಾಗಿಲ ಹೊರಗೆ ಕೂತ. ಎಡ ಜೇಬಿನಲ್ಲಿ ಅವಳ ತುಂಡು, ಬಲ ಜೇಬಿನಲ್ಲಿ ತನ್ನದು. ಒಬ್ಬೊಬ್ಬರೇ ಹೊರಬಂದು ಟೋಪಿ ಹಾಕಿಕೊಂಡು ಮನೆಗೆ ಹೋದರು. ಅವಳದನ್ನು ಇಟ್ಟರೆ ಫೋಟೋ ಉಳಿಯುತ್ತದೆ, ಅದರ ಜೊತೆಗೆ ಆ ಖಾಲಿ ಮೇಜೂ ಉಳಿಯುತ್ತದೆ. ತನ್ನದನ್ನು ಇಟ್ಟರೆ ಫೋಟೋ ಹೋಗುತ್ತದೆ, ಮೇಜು ಆಗಲೂ ಖಾಲಿಯೇ ಇರಬಹುದು. ಇಷ್ಟು ಯೋಚಿಸುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಅವನು ಎರಡನ್ನೂ ಮೇಜಿನ ಮೇಲಿಟ್ಟ. "ಇದು ಗ್ಲಾಫಿರಾ ಇಗ್ನಾತ್ಯೆವ್ನಾ ಮಾಡಿದ್ದು. ಹನ್ನೊಂದು ವರ್ಷದಿಂದ ಅವರೇ ಮಾಡಿದ್ದು. ಇದು ನಂದು."

ಪಕ್ಕದಲ್ಲಿ ಕೂತಿದ್ದ ಕುಜ್ಮಿಚ್‌ಗೆ ಕೆಮ್ಮು ಹತ್ತಿತು. ಪರೀಕ್ಷೆ ನಡೆಸುತ್ತಿದ್ದ ಮುಖ್ಯ ಇಂಜಿನಿಯರ್ ಮೊದಲ ತುಂಡನ್ನು ಅದರ ತಟ್ಟೆಯಲ್ಲಿ ಕೂರಿಸಿ ದೀಪಕ್ಕೆ ಹಿಡಿದ. ಆರೂ ಸಲ ತಿರುಗಿಸಿದ. ಎಳ್ಳಷ್ಟೂ ಬೆಳಕು ಬರಲಿಲ್ಲ. ಎರಡನೆಯದನ್ನು ಹಿಡಿದರೆ ಜರಡಿಯ ಹಾಗೆ ಸೋರಿತು.

"ಎರಡನೇ ದರ್ಜೆ ಕೊಡ್ತೀನಿ, ಲಾಪ್ತೇವ್. ಅದೂ ಬರ್ಲಿನ್ ನೆನಪಿಗೆ" ಎಂದ ಇಂಜಿನಿಯರ್. "ಆ ಹೆಂಗಸನ್ನ ನಾಳೆ ನನ್ನ ಹತ್ರ ಕಳ್ಸಿ."

ಸವೇಲಿ ಬಾಗಿಲು ತೆರೆದ. ಹೊರಗೆ ಏನಿರುತ್ತದೆಂದು ಅವನಿಗೆ ಗೊತ್ತಿತ್ತು. ಖಾಲಿ ಕಾರಿಡಾರು, ಗೋಡೆಯ ಪಕ್ಕ ಖಾಲಿ ಬೆಂಚು.

ಬೆಂಚಿನ ಮೇಲೆ ಹತ್ತಿ ತುಂಬಿದ ದಪ್ಪ ಕೋಟು ಹೊದ್ದು ಗ್ಲಾಫಿರಾ ಕೂತಿದ್ದಳು.

"ಏನಾಯ್ತು?"

"ಸೋತೆ."

"ಎಷ್ಟನೇ ಸುತ್ತಲ್ಲಿ?"

"ಮೊದಲನೇದ್ರಲ್ಲೇ. ನಿಮ್ಮ ತುಂಡು ನಿಮ್ಮ ಹೆಸರಿಗೇ ಹೋಯ್ತು. ನಾಳೆ ಇಂಜಿನಿಯರು ಬರೋಕೆ ಹೇಳಿದಾರೆ."

ಅವಳ ಮುಖ ಕೆಂಪಾಯಿತು. "ಯಾರಪ್ಪ ನಿನ್ನ ಕೇಳ್ಕೊಂಡಿದ್ದು? ರೇಡಿಯೋದಲ್ಲಿ ನಿನ್ನ ಹೆಸರು ಬಂದಾಗೆಲ್ಲ, ಅವನ ಬಲಗೈ ನಾನೇ ಅಂತ ಅಕ್ಕಪಕ್ಕದೋರ ಮುಂದೆ ಮೆರೆದೋಳು ನಾನು. ಈಗ ಏನಂತ ಹೇಳ್ಕೊಳ್ಲಿ?"

ತನ್ನ ಹೆಸರನ್ನು ಯಾರೋ ರೇಡಿಯೋ ಮುಂದೆ ಕೂತು ಹನ್ನೊಂದು ವರ್ಷ ಆಲಿಸಿದ್ದಾರೆಂಬುದು ಸವೇಲಿಗೆ ಗೊತ್ತೇ ಇರಲಿಲ್ಲ.

"ನೀವ್ಯಾಕೆ ಮನೆಗೆ ಹೋಗ್ಲಿಲ್ಲ?" ಎಂದು ಕೇಳಿದ.

"ಬಸ್ಸು ತಪ್ಪೋಯ್ತು."

ಆ ಹೊತ್ತಿಗೆ ಗೇಟಿನ ಮುಂದೆ ಹತ್ತು ನಿಮಿಷಕ್ಕೊಂದು ಬಸ್ಸು. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ಸರಿದು ಜಾಗ ಮಾಡಿದಳು. ಕಾಗದದ ಪೊಟ್ಟಣ ಬಿಚ್ಚಿ, ಆಲೂಗಡ್ಡೆ ತುಂಬಿದ ಕಡುಬನ್ನು ಮುರಿದು ಅರ್ಧ ಅವನ ಕೈಗಿಟ್ಟಳು. "ತಣ್ಣಗಾಗಿದೆ."

"ನನಗೆ ರೂಢಿಯಿದೆ" ಎಂದ ಸವೇಲಿ. ಒಂದು ತುತ್ತು ಬಾಯಿಗಿಟ್ಟ. ಅವಳು ಎದ್ದು ಹೋಗುವುದರೊಳಗೆ ಮುಗಿಸಬೇಕೆಂದು ಆತುರ ಆತುರವಾಗಿ ಅಗಿಯತೊಡಗಿದ.

"ನಿಧಾನಕ್ಕೆ ತಿನ್ನೋ" ಎಂದಳು ಗ್ಲಾಫಿರಾ. "ನಾನೆಲ್ಲಿಗೂ ಹೋಗ್ತಿಲ್ಲ."